ಮುಂದಿನ ಸಾಲಿನಲ್ಲಿ ಕೂತವರು

ಕೊಲಂಬಿಯಾ, ಮೇರಿಲ್ಯಾಂಡ್

ಸ್ಪೀಡ್‌ವೇ ಕಾರ್ ರೇಸಿಗೆ ನಮ್ಮ ಜನ ಯಾಕೆ ಹೋಗುವುದಿಲ್ಲ ಎಂದು ಅಮೆರಿಕದಲ್ಲಿರುವ ಯಾವ ಕನ್ನಡಿಗರನ್ನು ಬೇಕಾದರೂ ಕೇಳಿ, ಉತ್ತರ ಸಿದ್ಧವಾಗಿರುತ್ತದೆ. ಕಾರುಗಳು ಗಾಣದೆತ್ತಿನ ಹಾಗೆ ಒಂದೇ ಕಡೆ ತಿರುಗುತ್ತಾ ಸುತ್ತುತ್ತವೆ, ನೋಡುವವರು ಬಿಯರ್ ಕುಡಿದು ಕಿರುಚುತ್ತಾರೆ, ಮರ್ಯಾದಸ್ಥರು ಹೋಗುವ ಜಾಗ ಅದಲ್ಲ. ನಾನು ಈ ಉತ್ತರ ಕೇಳಿದ್ದು ೨೦೦೭ರ ಬೇಸಿಗೆಯಲ್ಲಿ, ಕೊಲಂಬಿಯಾದ ನಮ್ಮ ಅಕ್ಕನ ಮನೆಯಲ್ಲಿ ನಡೆದ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ. ಕೇಳಿದ ಕೂಡಲೇ ಅದರ ತೂತು ಕಾಣಿಸಿತು. ಸುತ್ತುವುದೇ ಬೇಸರವಾದರೆ, ಐದು ದಿನ ಆಡಿ ಡ್ರಾ ಆಗುವ ಟೆಸ್ಟ್ ಮ್ಯಾಚಿಗೆ ನಾವು ರಜೆ ಹಾಕಿ ಕೂರುವುದಿಲ್ಲವೇ? ಕುಡಿದು ಕಿರುಚುವುದೇ ತಪ್ಪಾದರೆ, ಗಣೇಶನ ವಿಸರ್ಜನೆಗೆ ಜನ ಬರುವುದು ನಿಂತಿದೆಯೇ?

ಇಷ್ಟನ್ನೂ ಕೋಸಂಬರಿ ಬಡಿಸುತ್ತಿದ್ದವರ ಮುಂದೆ ಹೇಳಿದೆ. ಬೆಂಗಳೂರಿನ ಲಾ ಕಾಲೇಜಿನಿಂದ ವಾಷಿಂಗ್ಟನ್ನಿನ ಒಂದು ಚರ್ಚಾಸ್ಪರ್ಧೆಗೆ ಬಂದವಳು ಎರಡನೇ ಸುತ್ತಿನಲ್ಲೇ ಸೋತಿದ್ದೆ. ಸೋತವಳ ನಾಲಿಗೆ ಇನ್ನೂ ತುರಿಸುತ್ತಿತ್ತು.

"ನೀನು ನೋಡಿದ್ದೀಯಾ ಮಾರಾಯ್ತಿ, ಆ ರೇಸು?" ಎಂದು ಕೇಳಿದವರು ಲಿಲ್ಲಿ ಆಂಟಿ. ಉಡುಪಿ ಕಡೆಯವರು, ಇಲ್ಲಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್.

"ಇಲ್ಲ ಆಂಟಿ. ಆದ್ರೆ ವಾದದಲ್ಲಿ ಹುರುಳಿಲ್ಲ ಅಂತ ಗೊತ್ತಾಗೋಕೆ ನೋಡ್ಬೇಕಾಗಿಲ್ಲ."

"ನೋಡದೆ ಎಂತದು ವಾದ? ನಮ್ಮ ಕಂಬಳಕ್ಕೆ ಬೆಂಗಳೂರಿನವರು ಬಂದರೆ ಹೀಗೇ. ಎಲ್ಲ ಗೊತ್ತುಂಟು ಅಂತ ಬರುತ್ತಾರೆ, ಗದ್ದೆಯ ಅಂಚಿಗೇ ಹೋಗಿ ನಿಲ್ಲುತ್ತಾರೆ. ಕೋಣ ಓಡಿದ ಮೇಲೆ ಕೆಸರಿನ ಸ್ನಾನ."

ಎಲ್ಲರೂ ನಕ್ಕರು. ನಾನು ಆ ಮಾತನ್ನು ಅಲ್ಲೇ ಬಿಟ್ಟೆ. ಅದನ್ನು ಜೇಬಿಗೆ ಹಾಕಿಕೊಂಡಿದ್ದರೆ ಈ ಕಥನಕ್ಕೆ ವಿಷಯವೇ ಇರುತ್ತಿರಲಿಲ್ಲ.

ನಗು ನಿಂತ ಮೇಲೆ ಮೂಲೆಯಲ್ಲಿ ತಟ್ಟೆ ಹಿಡಿದು ನಿಂತಿದ್ದ ವಿಶ್ವನಾಥ ಚಿಕ್ಕಪ್ಪ ಮೆಲ್ಲಗೆ, "ನಾನು ಪ್ರತಿ ಶನಿವಾರ ಹೋಗ್ತೀನಿ," ಎಂದರು. ಅವರು ಅಪ್ಪನ ಕೊನೇ ತಮ್ಮ. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದು ಈಗ ಅಟ್ಲಾಂಟಾದ ಹೊರಗೆ ಕಮ್ಮಿಂಗ್ ಎಂಬ ಊರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು. ಆಫೀಸಿನ ಕೆಲಸಕ್ಕೆಂದು ಮೇರಿಲ್ಯಾಂಡಿಗೆ ಬಂದಿದ್ದರು, ವಾಪಸ್ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುವವರಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊಸರನ್ನಕ್ಕೆ ನಿಂಬೆ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತಿದ್ದ ಈ ಮನುಷ್ಯ ಶನಿವಾರ ಸಂಜೆ ಕಾರಿನ ರೇಸಿಗೆ ಹೋಗುತ್ತಾರೆ ಅಂದರೆ? ನಾನು ನಂಬಲಿಲ್ಲ.

ಉತ್ತರ ಕೆರೊಲಿನಾ, ಐ-೮೫ ಹೆದ್ದಾರಿ

ನಡುದಾರಿಯಲ್ಲಿ ಊಟಕ್ಕೆ ನಿಲ್ಲಿಸಿದೆವು. ಬಡಿಸುವ ಹೆಂಗಸು ನನ್ನನ್ನು "ಹನಿ", ಅಂದರೆ ಚಿನ್ನ, ಎಂದಳು, ಚಿಕ್ಕಪ್ಪನನ್ನೂ "ಹನಿ" ಎಂದಳು. ಟೀ ಕೇಳಿದರೆ ಐಸ್ ತುಂಬಿದ ಪಾನಕ ತಂದಳು. ಬೀನ್ಸ್ ಪಲ್ಯ ತರಕಾರಿಯೇ ತಾನೇ ಎಂದು ಕೇಳಿದೆ. "ಖಂಡಿತ ತರಕಾರಿ," ಎಂದಳು. ಎರಡನೇ ಚಮಚಕ್ಕೆ ಹಲ್ಲಿಗೆ ಏನೋ ಸಿಕ್ಕಿತು. ಹಂದಿಮಾಂಸದ ಚೂರು.

"ಸುಳ್ಳು ಹೇಳಿದಳಲ್ಲ ಚಿಕ್ಕಪ್ಪ!"

"ಸುಳ್ಳಲ್ಲಮ್ಮ. ಅವಳ ಪ್ರಕಾರ ಬೀನ್ಸ್ ತರಕಾರಿ, ಹಂದಿ ಒಗ್ಗರಣೆ. ಒಳಗೇನು ಹಾಕಿದೀರಿ ಅಂತ ನೀನು ಕೇಳ್ಲಿಲ್ಲ, ಅವಳು ಹೇಳ್ಲಿಲ್ಲ. ಈ ಕಡೆಯವರು ಹಾಗೇ. ತಮಗೆ ಗೊತ್ತಿರೋದು ಲೋಕಕ್ಕೆಲ್ಲ ಗೊತ್ತಿದೆ ಅಂದ್ಕೊಂಡಿರ್ತಾರೆ."

ನಾನು ಮೂರು ಗ್ಲಾಸು ನೀರು ಕುಡಿದೆ. ಕಾರು ಹತ್ತಿದ ಮೇಲೆ ಚಿಕ್ಕಪ್ಪ ತಮ್ಮ ಕಥೆ ತೆಗೆದರು.

ಆರು ವರ್ಷದ ಹಿಂದೆ ಅವರು ದಕ್ಷಿಣ ಕೆರೊಲಿನಾದಲ್ಲಿದ್ದರು. ಸಾಫ್ಟ್‌ವೇರ್ ಕಂಪನಿಗಳು ಸಾಲಾಗಿ ಮುಗ್ಗರಿಸಿದ ಕಾಲ. ಇವರ ಕೆಲಸವೂ ಹೋಯಿತು. ವೀಸಾ ಉಳಿಯಬೇಕಾದರೆ ಬೇಗ ಬೇರೆ ಕೆಲಸ ಹಿಡಿಯಬೇಕು. ಚಿಕ್ಕಮ್ಮ ಆಗ ಪುಟ್ಟ ಮಗಳು ಮೇಘಾಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದರು, ಅವರಿಗೆ ಇವರು ವಿಷಯ ಹೇಳಿರಲಿಲ್ಲ. ಒಂದು ಶನಿವಾರ ಸಂಜೆ ಸುಮ್ಮನೆ ಡ್ರೈವ್ ಮಾಡುತ್ತಾ ಹೋದವರು, ದೂರದಲ್ಲಿ ಕೆಂಪು ಧೂಳು ಏಳುವುದು ಕಂಡು ಅತ್ತ ತಿರುಗಿಸಿದರು. ಅದು ಸ್ಪೀಡ್‌ವೇ. ಟಿವಿಯಲ್ಲಿ ಬರುವ ದೊಡ್ಡ ರೇಸುಗಳ ಡಾಂಬರಿನ ಟ್ರ್ಯಾಕಲ್ಲ, ಕೆಂಪು ಜೇಡಿಮಣ್ಣು ಹಾಸಿದ, ಮೊಟ್ಟೆಯಾಕಾರದ ಹಳ್ಳಿ ಟ್ರ್ಯಾಕು. ಹಳೇ ಕಾರುಗಳನ್ನು ತಾವೇ ಬಿಚ್ಚಿ ಜೋಡಿಸಿಕೊಂಡು ಮೆಕ್ಯಾನಿಕ್ಕುಗಳು, ಲಾರಿ ಚಾಲಕರು, ಮೇಷ್ಟ್ರುಗಳು ಓಡಿಸುವುದು.

"ಟಿಕೆಟ್ ಕಿಟಕೀಲಿ ಡಾರ್ಲೀನ್ ಕೂತಿದ್ರು. ಓನರ್ ಅವರೇ. 'ನಂಬರ್ ಬೇಗ ಬರೀತೀಯಾ?' ಅಂದ್ರು. ಯಾರು, ಯಾವೂರು, ಯಾವ ಜಾತಿ, ಏನೂ ಕೇಳ್ಲಿಲ್ಲ. ಅವತ್ತು ಸುತ್ತು ಬರೆಯೋನು ಬಂದಿರ್ಲಿಲ್ಲ."

ಸುತ್ತು ಬರೆಯುವುದೆಂದರೆ, ಗೋಪುರದ ಮೇಲೆ ಕೂತು, ಪ್ರತಿ ಸುತ್ತಿಗೂ ಗೆರೆ ದಾಟುವ ಕಾರುಗಳ ನಂಬರನ್ನು ದಾಟಿದ ಕ್ರಮದಲ್ಲೇ ಬರೆದುಕೊಳ್ಳುವುದು. ಇಪ್ಪತ್ತು ಕಾರು ಒಟ್ಟಿಗೆ ಧೂಳೆಬ್ಬಿಸಿಕೊಂಡು ಬರುತ್ತವೆ. ಕಣ್ಣು ಮಿಟುಕಿಸಿದರೆ ಒಬ್ಬನ ಗೆಲುವು ಇನ್ನೊಬ್ಬನಿಗೆ ಹೋಗುತ್ತದೆ. ಸಂಬಳವಿಲ್ಲ. ಹಾಟ್ ಡಾಗ್ ಕೊಡುತ್ತಾರೆ, ಇವರು ಅದರೊಳಗಿನ ಮಾಂಸ ತೆಗೆದಿಟ್ಟು ಬರೀ ಬನ್ನಿಗೆ ಸಾಸಿವೆ ಗೊಜ್ಜು ಹಚ್ಚಿಕೊಂಡು ತಿನ್ನುತ್ತಾರೆ.

"ಆ ಎರಡು ತಿಂಗಳು ವಾರಕ್ಕೆ ಒಂದಿನ ನನಗೂ ಕೆಲಸ ಇತ್ತು ಪುಟ್ಟಾ. ಅಷ್ಟೇ," ಎಂದರು ಚಿಕ್ಕಪ್ಪ. ಸ್ವಲ್ಪ ದೂರ ಹೋದ ಮೇಲೆ, "ಈಗ ಅದನ್ನ ಮುಚ್ತಾರಂತೆ," ಎಂದರು.

ಟ್ರ್ಯಾಕಿನ ಸುತ್ತ ಕೆರೆಗೆ ಮುಖಮಾಡಿದ ಹೊಸ ಮನೆಗಳು ಎದ್ದಿದ್ದವು. ಅವುಗಳಲ್ಲಿ ಬಂದು ನೆಲೆಸಿದವರು ಸದ್ದು, ಧೂಳು, ಕುಡುಕರು ಎಂದು ಕೌಂಟಿಗೆ, ಅಂದರೆ ಅಲ್ಲಿಯ ಜಿಲ್ಲಾಡಳಿತಕ್ಕೆ, ದೂರು ಕೊಟ್ಟಿದ್ದರು. ಟ್ರ್ಯಾಕಿನ ಪರವಾನಗಿ ಮುಂದುವರಿಸಬೇಕೇ ಬೇಡವೇ ಎಂದು ಮುಂದಿನ ವಾರದ ಗುರುವಾರ ಸಾರ್ವಜನಿಕ ವಿಚಾರಣೆ. ಇತ್ತ ಜನ ಬರುವುದೂ ಕಡಿಮೆಯಾಗಿತ್ತು. ಬರುವವರ ತಲೆಯೆಲ್ಲ ನೆರೆತದ್ದು. ಬಿಳಿಯ ಮುದುಕರ ಜಾಗ ಎಂಬ ಹೆಸರು ಅಂಟಿಕೊಂಡಿತ್ತು. ಡಾರ್ಲೀನ್ ಬಿಯರ್ ಇಲ್ಲದ ಸಾಲು ಮಾಡಿದರು, ಮಕ್ಕಳಿಗೆ ಪುಕ್ಕಟೆ ಬಿಟ್ಟರು, ಏನೂ ಆಗಲಿಲ್ಲ. ಕೊನೆಗೆ ಚಿಕ್ಕಪ್ಪನಿಗೆ ನೇರ ಹೇಳಿದ್ದರು: "ವಿಶ್, ನಿಮ್ಮವರ ಹತ್ತಿರ ಮಕ್ಕಳಿದ್ದಾರೆ, ವ್ಯಾನುಗಳಿವೆ. ವಿಚಾರಣೆಗೆ ಮುಂಚಿನ ಶನಿವಾರ ಕರೆದುಕೊಂಡು ಬಾ. ಇದು ಎಲ್ಲರ ಜಾಗ ಅಂತ ಕೌಂಟಿಯವರು ಕಣ್ಣಾರೆ ನೋಡಲಿ."

"ಅಂದ್ರೆ ನಮ್ಮನ್ನ ಶೋಕೇಸಿಗೆ ಇಡ್ತಾರೆ," ಎಂದೆ.

"ಲಾಯರಮ್ಮ, ನೀನು ಮದುವೆ ಮನೆಗೆ ಹೋದ್ರೂ ಪಾಟೀಸವಾಲು ಮಾಡ್ತೀಯ," ಎಂದರು ಚಿಕ್ಕಪ್ಪ.

ಕಮ್ಮಿಂಗ್, ಜಾರ್ಜಿಯಾ

ಶೈಲಾ ಚಿಕ್ಕಮ್ಮನಿಗೆ ಈ ಶನಿವಾರಗಳೆಂದರೆ ಮೊದಲಿನಿಂದಲೂ ಆಗದು. "ಬೇರೆಯವರ ಗಂಡಂದಿರು ಶನಿವಾರ ಲಾನ್ ಮೋ ಮಾಡ್ತಾರೆ, ಇವ್ರು ಮಣ್ಣು ಹೊತ್ಕೊಂಡು ಬರ್ತಾರೆ," ಎನ್ನುವವರು. ಆದರೂ ಗಂಡ ಆರು ವರ್ಷದಲ್ಲಿ ಮೊದಲ ಸಲ ಏನನ್ನೋ ಕೇಳಿದ್ದಾರೆಂದು ಸುತ್ತಲಿನ ಕನ್ನಡಿಗರಿಗೆಲ್ಲ ಫೋನ್ ಮಾಡಿದರು. ಆರು ವ್ಯಾನಿನ ಜನ ಒಪ್ಪಿದರು. ಶುಕ್ರವಾರ ನಾರ್‌ಕ್ರಾಸಿನ ಇಂಡಿಯನ್ ಅಂಗಡಿಗೆ ಹೋಗಿ ಕರಿಬೇವು, ಕಡಲೆಬೀಜ, ಬಾಳೆಎಲೆ ತಂದೆವು. ಶನಿವಾರ ಬೆಳಿಗ್ಗೆಯೇ ಮನೆಯೆಲ್ಲ ಪುಳಿಯೋಗರೆಯ ಘಮ.

ಚಿಕ್ಕಪ್ಪ ಮಧ್ಯಾಹ್ನವೇ ಹೊರಟರು, ಗೋಪುರದಲ್ಲಿ ಮೊದಲೇ ಇರಬೇಕಂತೆ. ಹೋಗುವಾಗ ಬಾಗಿಲಲ್ಲಿ ನಿಂತು, "ಹಳೇ ಬಟ್ಟೆ ಹಾಕ್ಕೊಂಡು ಬನ್ನಿ," ಎಂದರು.

"ಗೆಸ್ಟ್‌ಗಳಾಗಿ ಕರೆದಿದಾರೆ, ಪೇಪರಿನವರು ಫೋಟೋ ತೆಗೀತಾರೆ ಅಂತೀರ. ಹಳೇ ಬಟ್ಟೆ ಹಾಕ್ಕೊಂಡು ಹೋಗೋದಾ?" ಎಂದು ಚಿಕ್ಕಮ್ಮ ನಕ್ಕರು. ಚಿಕ್ಕಪ್ಪ ಕಾರಣ ಹೇಳಲಿಲ್ಲ. ಆರು ವರ್ಷ ಅಲ್ಲಿ ಕೂತ ಮನುಷ್ಯನಿಗೆ ಅದೂ ಒಂದು ಹೇಳಬೇಕಾದ ವಿಷಯ ಅನ್ನಿಸಲೇ ಇಲ್ಲವೇನೋ. ಆ ಕಡೆಯವರ ಅಭ್ಯಾಸ ಅವರಿಗೂ ಅಂಟಿತ್ತು. ಚಿಕ್ಕಮ್ಮ ಮೈಸೂರು ಸಿಲ್ಕ್ ಉಟ್ಟರು. ಹತ್ತು ವರ್ಷದ ಮೇಘಾ ಬಿಳಿ ಫ್ರಾಕು.

ಶನಿವಾರ, ಸ್ಪೀಡ್‌ವೇ

ದಕ್ಷಿಣ ಕೆರೊಲಿನಾದ ಗಡಿ ದಾಟಿ ಸ್ವಲ್ಪ ದೂರಕ್ಕೇ ಸದ್ದು ಕೇಳಿಸಿತು. ಸದ್ದು ಎಂದರೆ ಕಿವಿಗಲ್ಲ, ಎದೆಗೂಡಿಗೆ. ಗೇಟಿನ ಹತ್ತಿರ ವ್ಯಾನು ನಿಂತಾಗ ನಾನು ಮೊದಲು ನೋಡಿದ್ದು ಕಾರುಗಳನ್ನಲ್ಲ. ಗೇಟಿನ ಕಂಬದ ಮೇಲೆ ಅಮೆರಿಕದ ಬಾವುಟ, ಅದರ ಪಕ್ಕದಲ್ಲೇ ಇನ್ನೊಂದು: ಕೆಂಪು ಬಟ್ಟೆಯ ಮೇಲೆ ಗುಣಿಸುವ ಗುರುತಿನ ಹಾಗೆ ನೀಲಿ ಪಟ್ಟಿ, ಪಟ್ಟಿಯ ತುಂಬ ನಕ್ಷತ್ರ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧಕ್ಕಿಳಿದ ದಕ್ಷಿಣದ ರಾಜ್ಯಗಳ ಸೈನ್ಯ ಹಿಡಿದಿದ್ದ ಬಾವುಟ. ಸ್ಪರ್ಧೆಗೆಂದು ಓದಿಕೊಂಡಿದ್ದೆ. ಪುಸ್ತಕದಲ್ಲಿ ಅಂಗೈಯಷ್ಟಿತ್ತು. ಇಲ್ಲಿ ಹಾಸಿಗೆಯ ಹೊದಿಕೆಯಷ್ಟು.

"ಚಿಕ್ಕಮ್ಮ, ನೋಡಿದ್ರಾ?"

"ನೋಡ್ದೆ. ಸುಮ್ನಿರು. ನಿಮ್ಮ ಚಿಕ್ಕಪ್ಪನ ದಿನ ಇವತ್ತು."

ಟಿಕೆಟ್ ಕಿಟಕಿಯಿಂದ ಡಾರ್ಲೀನ್ ಕೈಬೀಸಿದರು. ಅರವತ್ತು ದಾಟಿದವರು, ತೆಳ್ಳಗೆ, ಕನ್ನಡಕಕ್ಕೆ ದಾರ. ಉದ್ದ ಸಾಲಿತ್ತು, ಕಿಟಕಿ ಬಿಟ್ಟು ಬರಲಾಗಲಿಲ್ಲ. "ಹೋಗಿ ಕೂತ್ಕೊಳ್ಳಿ, ನಿಮಗೆ ಜಾಗ ಇದೆ!" ಎಂದು ಕೂಗಿದ್ದು ಮಾತ್ರ ಕೇಳಿಸಿತು.

ಒಳಗೆ ಹೋದರೆ ಆಶ್ಚರ್ಯ. ಮರದ ಹಲಗೆಯ ಮೆಟ್ಟಿಲು ಸಾಲುಗಳಲ್ಲಿ ಮುಂದಿನ ನಾಲ್ಕೂ ಖಾಲಿ! ಜನರೆಲ್ಲ ಮೇಲೆ ಗುಂಪುಗೂಡಿದ್ದರು. ತೀರಾ ಮೇಲಿನ ಸಾಲಿನಲ್ಲಿ ಬಣ್ಣಬಣ್ಣದ ಕೌದಿಗಳು ಹಾಸಿದ್ದವು, ಯಾರೋ ಜಾಗ ಹಿಡಿದಿದ್ದಾರೆ ಅಂದುಕೊಂಡೆವು.

ಈಗ ನೀವೇ ಹೇಳಿ. ನಮ್ಮ ಕಡೆ ಮುಂದಿನ ಸಾಲು ಅಂದರೇನು? ಸೋಫಾ. ಸಂಗೀತ ಕಚೇರಿಯಿಂದ ಹಿಡಿದು ಸ್ಕೂಲ್ ಡೇವರೆಗೆ ಮುಖ್ಯ ಅತಿಥಿಗಳನ್ನು, ಬೀಗರನ್ನು, ನಿವೃತ್ತ ಪ್ರಿನ್ಸಿಪಾಲರನ್ನು ಕೂರಿಸುವ ಜಾಗ. ಹಿಂದಿನ ಸಾಲು ಕಡಲೆಕಾಯಿ ತಿಂದು ಎದ್ದು ಹೋಗುವವರದು. ಅತಿಥಿಗಳೆಂದು ಕರೆದಿದ್ದಾರೆ, ಮುಂದಿನ ಸಾಲು ಬಿಟ್ಟಿದ್ದಾರೆ. ಇದರಲ್ಲಿ ಕೇಳುವುದೇನಿದೆ? ಇಪ್ಪತ್ತೇಳು ಜನ, ನಾಲ್ಕು ಕೂಲರು, ಎರಡು ಮೈಸೂರು ಸಿಲ್ಕು ಸಮೇತ ಬೇಲಿಗೆ ಮೂಗು ತಾಗುವಂತೆ ಸಾಲಾಗಿ ಕೂತೆವು. ಮೇಲಿನಿಂದ ಯಾರೋ ನಕ್ಕರು. ಕೂತವರನ್ನೆಲ್ಲ ಒಮ್ಮೆ ತಿರುಗಿ ನೋಡಿದೆ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

ರೇಸಿಗೆ ಮೊದಲು ಪಾದ್ರಿಯೊಬ್ಬರು ಮೈಕಿನಲ್ಲಿ ಪ್ರಾರ್ಥನೆ ಮಾಡಿದರು. ಚಾಲಕರೆಲ್ಲ ಟೋಪಿ ತೆಗೆದು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಆಯುಧಪೂಜೆಯ ದಿನ ನಮ್ಮ ಆಟೋ ಸ್ಟ್ಯಾಂಡಿನವರು ನಿಲ್ಲುವ ಹಾಗೇ. ಕುಂಬಳಕಾಯಿ ಒಂದು ಇರಲಿಲ್ಲ. ನನಗೆ ಸ್ವಲ್ಪ ಇಷ್ಟವಾಗತೊಡಗಿತ್ತು.

ಆಗ ಅವನು ಬಂದ. ಐವತ್ತರ ಆಳು, ಕೆಂಪು ಕತ್ತು, ಬಾಯಲ್ಲಿ ತಂಬಾಕು. ಟೋಪಿಯ ಮೇಲೆ ಅದೇ ಬಾವುಟ, ಚಿಕ್ಕದಾಗಿ. ಡಾರ್ಲೀನರ ತಮ್ಮ ಅರ್ಲ್ ಎಂದು ನನಗೆ ಆಮೇಲೆ ಗೊತ್ತಾಯಿತು. ಚಿಕ್ಕಮ್ಮನ ಮುಂದೆ ನಿಂತು, "ಮ್ಯಾಮ್, ನೀವೆಲ್ಲ ಎದ್ದು ಹಿಂದಕ್ಕೆ ಹೋಗಬೇಕು," ಎಂದ.

ಚಿಕ್ಕಮ್ಮ ಏಳಹೊರಟರು. ನಾನು ಅವರ ಭುಜ ಹಿಡಿದು ಕೂರಿಸಿದೆ. ಹಿಂದಕ್ಕೆ! ಈ ರಾಜ್ಯಗಳಲ್ಲಿ ಕಪ್ಪುಜನರನ್ನು ಬಸ್ಸಿನ ಹಿಂದಕ್ಕೆ ಕಳಿಸುತ್ತಿದ್ದರು ಎಂದು ಓದಿದವಳು ನಾನು, ಆ ಮಾತನ್ನು ಆ ಟೋಪಿಯ ಕೆಳಗಿನ ಬಾಯಿಂದ ಕೇಳಿದ್ದೆ.

"ಯಾಕೆ, ಈ ಸೀಟುಗಳು ಬುಕ್ ಆಗಿವೆಯಾ?"

"ಇಲ್ಲ."

"ಇಲ್ಲಿ ಕೂರಬಾರದು ಅಂತ ನಿಯಮ ಇದೆಯಾ?"

"ನಿಯಮ ಅಂತಲ್ಲ. ನಿಮ್ಮಂಥವರಿಗೆ ಇದು ಸರಿಯಾದ ಜಾಗ ಅಲ್ಲ."

"ನಮ್ಮಂಥವರು ಅಂದರೆ ಎಂಥವರು?"

ಅವನ ಕತ್ತು ಇನ್ನೂ ಕೆಂಪಾಯಿತು. ಕೈಯಲ್ಲಿದ್ದ ಲೋಟಕ್ಕೆ ಉಗಿದ. ನನ್ನನ್ನೂ ಚಿಕ್ಕಮ್ಮನ ಸೀರೆಯನ್ನೂ ನೋಡಿದ. "ನಿಮ್ಮಿಷ್ಟ," ಎಂದು ಹೊರಟುಹೋದ. ನಮ್ಮವರು ಚಪ್ಪಾಳೆ ತಟ್ಟಿದರು! ವಾಷಿಂಗ್ಟನ್ನಿನಲ್ಲಿ ಸಿಗದ ಚಪ್ಪಾಳೆ. ಒಬ್ಬ ಅಂಕಲ್, "ಭೇಷ್ ಕಣಮ್ಮ, ಸರಿಯಾಗಿ ಕೊಟ್ಟೆ," ಎಂದರು. ಮೇಘಾ ಮಾತ್ರ, "ಬಟ್ ಅಕ್ಕ, ವೈ ಮೂವ್ ಅಂತ ಕೇಳಿಲ್ಲ ನೀನು," ಎಂದಳು. ಅವಳ ತಲೆ ಸವರಿದೆ.

ಹಸಿರು ಬಾವುಟ ಬೀಸಿದರು, ರೇಸು ಶುರುವಾಯಿತು. ಇಪ್ಪತ್ತು ಕಾರುಗಳು ನಾಲ್ಕನೇ ತಿರುವನ್ನು, ಅಂದರೆ ನಾವು ಕೂತ ಮೂಲೆಯನ್ನು, ಅಡ್ಡಡ್ಡಲಾಗಿ ಜಾರುತ್ತಾ ಹಾದುಹೋದವು. ಟ್ರ್ಯಾಕಿಗೆ ಆಗಷ್ಟೇ ನೀರು ಹೊಡೆದಿದ್ದರು. ಮೊದಲು ಮಳೆಹನಿಯ ಹಾಗೆ ಏನೋ ಮುಖಕ್ಕೆ ಬಿತ್ತು. ಒರೆಸಿಕೊಂಡರೆ ಕೈಯೆಲ್ಲ ಕೆಂಪು. ಎರಡನೇ ಸುತ್ತಿಗೆ ಬೇಲಿಯ ಸಂದಿಯಿಂದ, ಬೇಲಿಯ ಮೇಲಿಂದ, ಹಸಿ ಜೇಡಿಮಣ್ಣು ಯಾರೋ ಗುದ್ದಲಿಯಲ್ಲಿ ಎಸೆದಂತೆ ಬಂತು. ಪುಳಿಯೋಗರೆಯ ಡಬ್ಬಿಯೊಳಕ್ಕೆ, ಜಡೆಗೆ, ಬಾಯಿಗೆ. ಎದ್ದೇಳುವುದರೊಳಗೆ ಮೂರನೇ ಸುತ್ತು. ಈ ಸಲ ನಿಂಬೆಹಣ್ಣಿನ ಗಾತ್ರದ ಒಂದು ಹೆಂಟೆ ನನ್ನ ಕಿವಿಯ ಪಕ್ಕದಲ್ಲೇ ಹಾಯ್ದು ಹೋಯಿತು. ಹಿಂದೆ ಮೇಘಾ ನಿಂತಿದ್ದಳು.

ಅವಳು ಕಿರುಚಲಿಲ್ಲ. "ಅಮ್ಮ," ಎಂದು ಎರಡೂ ಕೈಯಲ್ಲಿ ಎಡಗಣ್ಣು ಮುಚ್ಚಿಕೊಂಡು ಹಲಗೆಯ ಮೇಲೆ ಕುಸಿದಳು. ಬೆರಳ ಸಂದಿಯಿಂದ ಕೆಂಪು ಇಳಿಯುತ್ತಿತ್ತು. ಅದು ಮಣ್ಣೋ ರಕ್ತವೋ ನನಗೆ ತಿಳಿಯಲಿಲ್ಲ.

ಕೆಂಪು ಬಾವುಟ ಬೀಸಿದರು. ಕಾರುಗಳೆಲ್ಲ ಇದ್ದಲ್ಲೇ ನಿಂತವು. ಮೊದಲು ಓಡಿಬಂದವನು ಅರ್ಲ್. ಮೊಣಕಾಲೂರಿ, ಮಗುವಿನ ತಲೆಯನ್ನು ಅಂಗೈಯಲ್ಲಿ ಹಿಡಿದು, ಬಾಟಲಿಯ ನೀರನ್ನು ಕಣ್ಣಿಗೆ ನಿಧಾನವಾಗಿ ಸುರಿದ. ಪಳಗಿದ ಕೈ. ಟ್ರ್ಯಾಕಿನ ಆಂಬುಲೆನ್ಸ್ ಬಂತು. ಚಿಕ್ಕಪ್ಪ ಗೋಪುರದ ಏಣಿಯಿಂದ ಇಳಿದು ಓಡಿಬಂದರು, ಸುತ್ತು ಬರೆಯುವ ಪುಸ್ತಕ ಇನ್ನೂ ಕೈಯಲ್ಲೇ ಇತ್ತು. ನಮ್ಮನ್ನೆಲ್ಲ ನೋಡಿ, "ಇಲ್ಯಾಕೆ ಕೂತ್ರಿ? ಇಲ್ಲಿ ಯಾರು ಕೂರ್ತಾರೆ?" ಎಂದರು.

ಅರ್ಲ್ ಎದ್ದು ನಿಂತು, ಸುತ್ತಲಿದ್ದವರಿಗೆ ಕೇಳುವ ಹಾಗೆ, ನನ್ನತ್ತ ಬೆರಳು ತೋರಿಸಿ, "ನಾನು ಅವಳಿಗೆ ಹೇಳಿದ್ದೆ," ಎಂದ. ಟೋಪಿ ಸರಿಮಾಡಿಕೊಂಡ.

ಆಂಬುಲೆನ್ಸಿನಲ್ಲಿ ಮೂವರಿಗೇ ಜಾಗ. ನಾನು ಉಳಿದೆ. ಬೇರೆ ಏನು ಮಾಡಲೂ ತೋಚದೆ ಮೇಲಕ್ಕೆ ಹತ್ತಿದೆ, ಕೊನೆಯ ಸಾಲಿಗೆ. ಒಗೆದು ಮಡಿಸಿ ಹಾಸಿದ ಒಂಬತ್ತು ಕೌದಿಗಳು. ತುಂಡು ಬಟ್ಟೆ ಕೂಡಿಸಿ ಕೈಯಲ್ಲಿ ಹೊಲಿದವು. ಸೋಪಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಂದಕ್ಕೆ ಪಿನ್ನು ಹಾಕಿ ಚೀಟಿ ಸಿಕ್ಕಿಸಿದ್ದರು: "ವಿಶ್‌ನ ಮನೆಯವರಿಗಾಗಿ ಕಾಯ್ದಿರಿಸಿದೆ." ಇಲ್ಲಿ ಮುಖ್ಯ ಅತಿಥಿಗಳ ಸಾಲು ಇದೇ. ಇಡೀ ಟ್ರ್ಯಾಕು ಕಾಣುತ್ತದೆ, ಒಂದು ಹರಳೂ ತಾಗುವುದಿಲ್ಲ.

ನಾನು ಆ ಕೌದಿಯ ಮೇಲೆ ಕೂತೆ. ಎದುರಿಗೆ, ಟ್ರ್ಯಾಕಿನ ನಡುವಿನ ಬಯಲು ಪೂರ್ತಿ ಕಾಣಿಸಿತು. ಅಲ್ಲಿ ಸಾಲಾಗಿ ನಿಂತ ಟ್ರಕ್ಕುಗಳ ಮೇಲೆ ಅದೇ ಬಾವುಟ. ಒಂದಲ್ಲ, ಎರಡಲ್ಲ. ಎಣಿಸಲು ಶುರುಮಾಡಿ ನಿಲ್ಲಿಸಿದೆ.

ನಾರ್‌ಕ್ರಾಸ್

ಮಣ್ಣಿನೊಳಗಿದ್ದ ಹರಳು ಮೇಘಾಳ ಹುಬ್ಬು ಸೀಳಿ, ಕಣ್ಣಿನ ಪಾಪೆಯ ಮೇಲ್ಪದರವನ್ನು ಗೀರಿತ್ತು. ಡಾಕ್ಟರು ಪಟ್ಟಿ ಕಟ್ಟಿ, ಒಂದು ವಾರ ಕಾದು ನೋಡಬೇಕು, ಬಹುಶಃ ಏನೂ ಆಗುವುದಿಲ್ಲ ಎಂದರು. ಆ "ಬಹುಶಃ"ವನ್ನು ಚಿಕ್ಕಮ್ಮ ದಿನಕ್ಕೆ ನೂರು ಸಲ ಹೇಳಿಕೊಳ್ಳುತ್ತಿದ್ದರು.

ಮಂಗಳವಾರ ಸಾಮಾನು ತರಲು ನಾರ್‌ಕ್ರಾಸಿಗೆ ಹೋದರೆ, ಇಂಡಿಯನ್ ಅಂಗಡಿಯ ಬೆಂಡೆಕಾಯಿ ಬುಟ್ಟಿಯ ಮುಂದೆ ಕಥೆ ನಮಗಿಂತ ಮೊದಲೇ ಬಂದು ನಿಂತಿತ್ತು. "ನಿಮ್ಮನ್ನ ಹಿಂದೆ ಹೋಗಿ ಅಂದ್ರಂತೆ, ಹೋಗ್ಲಿಲ್ಲ ಅಂತ ಮಗೂಗೆ ಕಲ್ಲು ಹೊಡೆದ್ರಂತೆ?" ಎಂದು ಗುರುತಿಲ್ಲದ ಆಂಟಿಯೊಬ್ಬರು ಕೇಳಿದರು. ನಾನು ಬೆಚ್ಚಿಬಿದ್ದೆ. ಮೂರು ದಿನದಲ್ಲಿ ಮಣ್ಣು ಕಲ್ಲಾಗಿತ್ತು, ಚಕ್ರಕ್ಕೆ ಕೈ ಬಂದಿತ್ತು. ಅದಕ್ಕಿಂತ ಹೆಚ್ಚು ಬೆಚ್ಚಿದ್ದು ಯಾವುದಕ್ಕೆ ಗೊತ್ತೇ? ಆ ಕಥೆಯ ಮೊದಲರ್ಧ ಬೇಲಿಯ ಪಕ್ಕ ಕೂತು ನಾನೇ ಕಟ್ಟಿದ್ದು.

ಮನೆಗೆ ಬಂದರೆ ಫೋನು. ಟ್ರ್ಯಾಕಿನ ಸುತ್ತಲಿನ ಹೊಸ ಮನೆಗಳ ಸಂಘದ ಪರವಾಗಿ ಒಬ್ಬ ಮಹಿಳೆ. ತುಂಬ ಮೃದುವಾದ ದನಿ. ನಡೆದದ್ದನ್ನು ಬರೆದುಕೊಟ್ಟರೆ ಗುರುವಾರದ ವಿಚಾರಣೆಯಲ್ಲಿ ಓದುತ್ತಾರಂತೆ. ಚಿಕ್ಕಮ್ಮ ಫೋನಿಟ್ಟು ನನ್ನ ಮುಂದೆ ಕಾಗದ ಇಟ್ಟರು.

"ನೀನೇ ಬರಿ. ನಿನಗೆ ಬರುತ್ತಲ್ಲ. ಮುಚ್ಚಿ ಹೋಗ್ಲಿ ಆ ಜಾಗ."

"ಶೈಲಾ, ಡಾರ್ಲೀನ್ ಅವತ್ತು ರಾತ್ರಿಯೆಲ್ಲ ಆಸ್ಪತ್ರೇಲಿ..." ಎಂದು ಚಿಕ್ಕಪ್ಪ ಶುರುಮಾಡಿದರು.

"ಇದ್ರು. ಇಲ್ಲ ಅಂದ್ನಾ? ನನ್ನ ಕೈ ಹಿಡ್ಕೊಂಡು ಕೂತಿದ್ರು. ಆದ್ರೆ ಗೇಟಿನಲ್ಲಿ ಆ ಬಾವುಟ ಕಟ್ಟಿಟ್ಟು ನಮ್ಮನ್ನ ಒಳಗೆ ಕರೆದೋರೂ ಅವರೇ ತಾನೆ? ಆ ಟೋಪಿ ನೋಡಿದ್ಮೇಲೆ ಅವನ ಮಾತನ್ನ ಯಾರು ನಂಬ್ತಾರೆ, ಹೇಳಿ?"

"ನನಗೆ ಆ ಬಾವುಟ ಕಾಣ್ಸೋದೇ ನಿಂತುಹೋಗಿತ್ತು," ಎಂದರು ಚಿಕ್ಕಪ್ಪ.

ಸೋಫಾದಲ್ಲಿ ಒಂಟಿಗಣ್ಣಲ್ಲಿ ಟಿವಿ ನೋಡುತ್ತಿದ್ದ ಮೇಘಾ ತಿರುಗಿ, "ನಂಗೆ ನಂಬರ್ ನೈನ್ ಕಾರ್ ಇಷ್ಟ ಆಯ್ತು. ಯಾರು ವಿನ್ ಆದ್ರು ಅಪ್ಪ?" ಎಂದಳು.

ನಾನು ಬರೆದುಕೊಡಲಿಲ್ಲ. ನಾನೇ ಹೋಗಿ ಮಾತಾಡುತ್ತೇನೆ ಎಂದೆ. ಯಾರ ಪರ ಎಂದು ಚಿಕ್ಕಮ್ಮ ಕೇಳಿದರು. ಸ್ಪರ್ಧೆಯಲ್ಲಿ ಪರವೋ ವಿರೋಧವೋ ಚೀಟಿ ಎತ್ತಿ ಹೇಳುತ್ತಾರೆ. ಇಲ್ಲಿ ಚೀಟಿ ಎತ್ತುವವರಿರಲಿಲ್ಲ.

ಗುರುವಾರ, ಕೌಂಟಿ ಕಚೇರಿ

ನಮ್ಮ ತಾಲೂಕು ಕಚೇರಿಯನ್ನು ನೆನೆದು ಹೋದರೆ, ಇದು ಕಲ್ಯಾಣ ಮಂಟಪದ ಹಾಗೆ ತಣ್ಣಗಿತ್ತು. ಎತ್ತರದ ವೇದಿಕೆಯ ಮೇಲೆ ಕೌಂಟಿಯ ಐವರು ಸದಸ್ಯರು. ಹೆಸರು ಬರೆಸಿದವರಿಗೆಲ್ಲ ಮೂರು ಮೂರು ನಿಮಿಷ. ಊರವರೇ ಆಗಬೇಕೆಂದಿಲ್ಲ, ನನ್ನಂಥ ದಾರಿಹೋಕಳಿಗೂ ಮೈಕು! ಎಡಗಡೆ ಹೊಸ ಮನೆಗಳವರು, ಬಲಗಡೆ ಟ್ರ್ಯಾಕಿನವರು. ನಾನೂ ಚಿಕ್ಕಪ್ಪನೂ ಬಲಗಡೆ, ಡಾರ್ಲೀನರ ಪಕ್ಕ. ಅವರು ಹೂವಿನ ಗೌನು ತೊಟ್ಟಿದ್ದರು. ಅವರ ಗಂಡ ಬುಲ್ಡೋಜರ್ ತಂದು ಆ ಟ್ರ್ಯಾಕು ತೋಡಿದವರಂತೆ, ಸತ್ತು ವರ್ಷಗಳಾದವು. ಬೇರೆ ಜೀವನಾಧಾರವಿಲ್ಲ. ಪರ್ಸನ್ನು ಬಿಗಿಯಾಗಿ ಹಿಡಿದಿದ್ದರು.

ನನ್ನ ಸರದಿ ಬಂದಾಗ ಹೇಳಿದೆ: ಯಾರೂ ನಮಗೆ ಕಲ್ಲು ಹೊಡೆಯಲಿಲ್ಲ. ನಮಗಾಗಿ ಎಲ್ಲಕ್ಕಿಂತ ಒಳ್ಳೆಯ ಸಾಲನ್ನು ಕಾದಿರಿಸಿದ್ದರು. ಮುಂದೆ ಕೂತದ್ದು ನಮ್ಮ ಊರಿನ ಅಭ್ಯಾಸ, ಏಳದೆ ಇದ್ದದ್ದು ನನ್ನ ಹಟ. ಮಗುವಿನ ಕಣ್ಣಿಗೆ ಆದದ್ದರಲ್ಲಿ ನನ್ನ ಪಾಲಿದೆ. ಚಿಕ್ಕಪ್ಪ ತಲೆ ತಗ್ಗಿಸಿ ಕೇಳುತ್ತಿದ್ದರು. ಡಾರ್ಲೀನ್ ಕನ್ನಡಕ ತೆಗೆದು ಒರೆಸಿಕೊಂಡರು. ಗೆದ್ದೆ ಅಂದುಕೊಂಡೆ.

ಕೊನೆಯಲ್ಲಿ ಕೂತಿದ್ದ ಸದಸ್ಯೆ ಮೈಕು ಹತ್ತಿರಕ್ಕೆ ಎಳೆದುಕೊಂಡರು. ಕಪ್ಪು ಮಹಿಳೆ, ನಿವೃತ್ತ ಶಿಕ್ಷಕಿಯ ಕಳೆ.

"ಅಲ್ಲಿ ಕೂರುವುದು ಅಪಾಯ ಅಂತ ಬೋರ್ಡು ಇತ್ತೇ?"

"ಇಲ್ಲ."

"ನಿಮ್ಮನ್ನು ಏಳಿಸಲು ಬಂದವರು ಕಾರಣ ಹೇಳಿದರೇ?"

"ಇಲ್ಲ. ನಾನೂ ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

ಬಾಯಿ ತೆರೆದೆ. ಎದುರಾಳಿಯ ಪ್ರಶ್ನೆಗೆ ಅಡ್ಡದಾರಿ ಹುಡುಕುವುದನ್ನು ನನಗೆ ನಾಲ್ಕು ವರ್ಷ ಕಲಿಸಿದ್ದಾರೆ. ಒಂದೂ ನೆನಪಾಗಲಿಲ್ಲ. "ಅವರ ಟೋಪಿಯ ಮೇಲಿನ ಬಾವುಟ ನೋಡಿದ ಮೇಲೆ, ಕಾರಣ ಗೊತ್ತಿದೆ ಅಂದುಕೊಂಡೆ."

"ಆ ಬಾವುಟ ಇಲ್ಲದ ಮನುಷ್ಯ ಬಂದು ಅದೇ ಮಾತು ಹೇಳಿದ್ದರೆ, ಎದ್ದು ಹೋಗುತ್ತಿದ್ದಿರಾ?"

ಅರ್ಲ್ ಗೋಡೆಗೊರಗಿ ನಿಂತಿದ್ದ, ಟೋಪಿ ಇವತ್ತು ಕೈಯಲ್ಲಿ.

"ಹೌದು, ಹೋಗುತ್ತಿದ್ದೆ," ಎಂದೆ.

"ಧನ್ಯವಾದ, ಅಷ್ಟೇ," ಎಂದು ಅವರು ಮೈಕು ಹಿಂದಕ್ಕೆ ತಳ್ಳಿದರು.

ಪರವಾನಗಿ ಬೇಡ ಎಂದು ಮೂರು ಕೈ ಎದ್ದವು. ಬೇಕು ಎಂದು ಎರಡು. ಎರಡು ನಿಮಿಷವೂ ಹಿಡಿಯಲಿಲ್ಲ. ಎಡಗಡೆಯವರು ಚಪ್ಪಾಳೆ ತಟ್ಟಿದರು. ಈ ವಾರದಲ್ಲಿ ನನಗೆ ಸಿಕ್ಕ ಎರಡನೆಯ ಚಪ್ಪಾಳೆ ಅದು. ನನಗೇ ಅಂತ ತಿಳಿದಾಗ ಎದ್ದು ಬಾಗಿಲ ಕಡೆ ನಡೆದೆ.

ಹೊರಗೆ ಪಾರ್ಕಿಂಗ್ ಜಾಗದಲ್ಲಿ ಇನ್ನೂ ಬಿಸಿಲಿತ್ತು. ಡಾರ್ಲೀನ್ ತಮ್ಮ ಹಳೇ ಟ್ರಕ್ಕಿನ ಬಾಗಿಲು ಹಿಡಿದು ನಿಂತಿದ್ದರು. ಚಿಕ್ಕಪ್ಪ ಆರು ವರ್ಷದ ಸುತ್ತು ಬರೆದ ಪುಸ್ತಕಗಳನ್ನು ಚೀಲದಲ್ಲಿ ತಂದಿದ್ದರು, ಬೇಕಾದರೆ ಸದಸ್ಯರಿಗೆ ತೋರಿಸೋಣವೆಂದು. ಯಾರೂ ಕೇಳಿರಲಿಲ್ಲ. ಅದನ್ನು ಡಾರ್ಲೀನರ ಕೈಗೆ ಕೊಟ್ಟರು. ಅವರು ಚೀಲ ಸೀಟಿನ ಮೇಲಿಟ್ಟು, "ಮಗುವಿನ ಕಣ್ಣು ಹೇಗಿದೆ ವಿಶ್?" ಎಂದರು.

"ಇವತ್ತು ಪಟ್ಟಿ ಬಿಚ್ಚಿ ನೋಡಿದ್ರು, ಬೆಳಕು ಕಾಣ್ತಿದೆಯಂತೆ."

"ದೇವರು ದೊಡ್ಡವನು." ನನ್ನತ್ತ ತಿರುಗಿದರು. ನಾನು ಬೈಗುಳಕ್ಕೆ ಸಿದ್ಧಳಾದೆ. "ನೀನು ಇದ್ದದ್ದನ್ನೇ ಹೇಳಿದೆ, ಹನಿ. ಅದರಲ್ಲಿ ನಾನು ತಪ್ಪು ಹುಡುಕಲಾರೆ. ಆದರೆ ಆ ಬಾವುಟದಲ್ಲಿ ಯಾರಿಗೂ ಕೆಡುಕು ಬಯಸುವುದು ಏನಿಲ್ಲ. ನನ್ನ ಗಂಡ ಕಟ್ಟಿದ್ದು, ಅಲ್ಲೇ ಇತ್ತು. ನಮ್ಮ ಕಡೆ ಎಲ್ಲರಿಗೂ ಗೊತ್ತು."

ಎಲ್ಲರಿಗೂ ಗೊತ್ತು. ಬೀನ್ಸಿನಲ್ಲಿ ಹಂದಿ ಇರುವುದು ಎಲ್ಲರಿಗೂ ಗೊತ್ತು. ಮುಂದಿನ ಸಾಲಿಗೆ ಮಣ್ಣು ಬೀಳುವುದು ಎಲ್ಲರಿಗೂ ಗೊತ್ತು. ನಮಗೂ ಹಾಗೇ, ಮುಂದಿನ ಸಾಲು ಮರ್ಯಾದೆಯದ್ದೆಂದು ಗೊತ್ತಿತ್ತು.

ಅವರು ಟ್ರಕ್ಕು ಹತ್ತಿ ಕೀಲಿ ತಿರುಗಿಸಿದರು. ಇಷ್ಟು ದಿನ ವಾದಿಸಿ ವಾದಿಸಿ ಸವೆದ ನಾಲಿಗೆಯಲ್ಲಿ ಒಂದೇ ಪ್ರಶ್ನೆ ಉಳಿದಿತ್ತು, ಅದು ವಾದಕ್ಕೆ ಕೇಳಿದ್ದಲ್ಲ. ಕಿಟಕಿಯ ಹತ್ತಿರ ಹೋಗಿ ಕೇಳಿದೆ:

"ನಮಗೋಸ್ಕರ ಒಂಬತ್ತು ಕೌದಿ ಒಗೆದು ಒಣಗಿಸಿ ಮೇಲಿನ ಸಾಲಿಗೆ ಹಾಸಿದಿರಲ್ಲ. ಹಾಸಿದ ಮೇಲೆ, ಅಲ್ಲಿ ಕೂತವರಿಗೆ ಎದುರಿಗೆ ಏನು ಕಾಣುತ್ತೆ ಅಂತ, ಒಂದು ಸಲವಾದರೂ ನೀವು ಅಲ್ಲಿ ಕೂತು ನೋಡಿದಿರಾ?"